ಚಿಕ್ಕಮ್ಮ ಬಿಟ್ಟುಹೋದ 163 ಗೊಂಬೆಗಳು: ಯಾರಿಗೆ ಕೊಡಲಿ?

ಹಳೇಪೆಟ್ಟಿಗೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನಾಲ್ಕು ತಿಂಗಳ ಹಿಂದೆ ನಮ್ಮ ಚಿಕ್ಕಮ್ಮ ತೀರಿಕೊಂಡರು. ಅವರಿಗೆ ಮಕ್ಕಳಿರಲಿಲ್ಲ. ಮನೆ ತುಂಬ ಮೆತ್ತನೆ ಗೊಂಬೆಗಳು. ಕರಡಿ, ಮೊಲ, ಆನೆ, ನಾಯಿಮರಿ, ಒಂದು ಮಾರುದ್ದದ ಹಾವು. ಮೊನ್ನೆ ಕೂತು ಎಣಿಸಿದೆ, 163 ಆಯಿತು. ಮೂವತ್ತು ವರ್ಷ ಒಂದೊಂದಾಗಿ ಕೂಡಿಸಿದ್ದು. ನಾನು, ನನ್ನ ತಂಗಿ, ದೊಡ್ಡಪ್ಪನ ಮಕ್ಕಳು ರಜೆಗೆ ಹೋದಾಗಲೆಲ್ಲ ಮಲಗುವ ಮುಂಚೆ ಒಬ್ಬೊಬ್ಬರೂ ಒಂದೊಂದು ಆರಿಸಿಕೊಳ್ಳುತ್ತಿದ್ದೆವು. ಬೆಳಿಗ್ಗೆ ವಾಪಸ್ ಅದರ ಜಾಗದಲ್ಲೇ ಇಡಬೇಕಿತ್ತು. ಅದೊಂದೇ ಅವರ ಕಟ್ಟುನಿಟ್ಟು.

ಈಗ ಆ ಮನೆ ಖಾಲಿ ಮಾಡಬೇಕು. ನನ್ನ ಹತ್ತಿರ ಇಷ್ಟು ಇಡಲು ಜಾಗ ಇಲ್ಲ. ಎರಡು ಚೀಲ ತುಂಬಿಕೊಂಡು ಮಕ್ಕಳ ಆಸ್ಪತ್ರೆಗೆ ಹೋದೆ. ಬೇಡ ಅಂದರು. ಇನ್ನೊಂದು ಕಡೆ ತೆಗೆದುಕೊಂಡರು, ಸಂತೋಷವಾಯಿತು. ವಾರ ಬಿಟ್ಟು ಅದೇ ದಾರಿಯಲ್ಲಿ ಬರುವಾಗ ನೋಡಿದರೆ ಕಟ್ಟಡದ ಹಿಂದೆ ಮಳೆಯಲ್ಲಿ ಅದೇ ಚೀಲ ಬಿದ್ದಿತ್ತು. ಬಾಯಿ ಸಹ ಬಿಚ್ಚಿರಲಿಲ್ಲ. ನಾನು ಕಟ್ಟಿದ ನೀಲಿ ದಾರದ ಗಂಟು ಹಾಗೇ ಇತ್ತು. ಎತ್ತಿಕೊಂಡು ಮನೆಗೆ ಬಂದೆ.

ಕಸಕ್ಕೆ ಹಾಕಲು ಕೈ ಬರುತ್ತಿಲ್ಲ. ಇವಕ್ಕೆಲ್ಲ ಒಂದು ಒಳ್ಳೆ ಮನೆ ಎಲ್ಲಿ ಸಿಗುತ್ತದೆ?

ರಾತ್ರಿಪಾಳಿ

ಮೊದಲು ನಿಮ್ಮ ಚಿಕ್ಕಮ್ಮನಿಗೆ ನಮಸ್ಕಾರ. ಮಳೆಯಲ್ಲಿ ಚೀಲ ಬಿದ್ದಿದ್ದು ಓದಿ ಬೇಜಾರಾಯಿತು.

ನಾನು ಮಕ್ಕಳ ವಾರ್ಡಿನಲ್ಲಿ ನರ್ಸ್. ಆಸ್ಪತ್ರೆಯವರು ಬೇಡ ಅಂದದ್ದನ್ನು ತಪ್ಪು ತಿಳಿಯಬೇಡಿ. ಪ್ಲಾಸ್ಟಿಕ್ ಆಟಿಕೆಯನ್ನು ಪ್ರತಿ ಮಗುವಿನ ನಂತರ ಔಷಧ ಹಾಕಿ ಒರೆಸಬಹುದು. ಮೆತ್ತನೆ ಗೊಂಬೆಯನ್ನು ಒರೆಸಿ ಪ್ರಯೋಜನ ಇಲ್ಲ. ರೋಗಾಣು ಬಟ್ಟೆಯ ಎಳೆಯೊಳಗೆ, ಹತ್ತಿಯೊಳಗೆ ಕೂತಿರುತ್ತದೆ. ಕ್ಯಾನ್ಸರಿಗೆ ಕೀಮೋ ಔಷಧ ತಗೊಳ್ಳೋ ಮಗುವಿಗೆ ಸಾಮಾನ್ಯ ಸೋಂಕೇ ದೊಡ್ಡ ಅಪಾಯ. ಅದಕ್ಕೇ ಹೆಚ್ಚಿನ ಕಡೆ ಹೊಸದು, ಪ್ಯಾಕೆಟ್ ಒಡೆಯದೇ ಇರುವುದು ಮಾತ್ರ ತಗೊಳ್ಳುತ್ತಾರೆ. ಕೆಲವು ದೇಶಗಳಲ್ಲಿ ಪೊಲೀಸರು, ಆಂಬುಲೆನ್ಸ್‌ನವರು ಹೆದರಿದ ಮಕ್ಕಳಿಗೆ ಕೊಡಲು ಗಾಡಿಯಲ್ಲೇ ಟೆಡ್ಡಿ ಇಟ್ಟುಕೊಳ್ಳುತ್ತಾರೆ. ಅಲ್ಲಿಯೂ ಸಾಮಾನ್ಯವಾಗಿ ಹೊಸದನ್ನೇ ಕೇಳುತ್ತಾರೆ.

ನಿಮ್ಮ 163ರಲ್ಲಿ ಚೀಟಿ ಕೀಳದೆ ಹಾಗೇ ಇರುವುದು ಒಂದಿಷ್ಟು ಇರಬಹುದು, ಅವನ್ನು ಬೇರೆ ಮಾಡಿ ಇಡಿ.

ಇನ್ನೊಂದು ದಾರಿ ಇದೆ. ಟೆಡ್ಡಿ ಬೇರ್ ಆಸ್ಪತ್ರೆ ಅಂತ ವೈದ್ಯಕೀಯ ವಿದ್ಯಾರ್ಥಿಗಳು ಹಲವು ದೇಶಗಳಲ್ಲಿ ನಡೆಸುತ್ತಾರೆ. ಮಕ್ಕಳು ತಮ್ಮ ಗೊಂಬೆಯನ್ನು "ಕಾಯಿಲೆ" ಅಂತ ಕರೆದುಕೊಂಡು ಬರುತ್ತಾರೆ. ವಿದ್ಯಾರ್ಥಿಗಳು ಸ್ಟೆತಾಸ್ಕೋಪ್ ಇಟ್ಟು ನೋಡಿ, ಬ್ಯಾಂಡೇಜ್ ಕಟ್ಟಿ ಕಳಿಸುತ್ತಾರೆ. ಡಾಕ್ಟರ್ ಭಯ ಹೋಗಲಿ ಅಂತ. ಗೊಂಬೆ ಇಲ್ಲದೆ ಬರುವ ಮಗುವಿಗೆ ಒಂದು ಬೇಕಲ್ವಾ? ಹತ್ತಿರದ ಕಾಲೇಜಿನಲ್ಲಿ ಕೇಳಿ ನೋಡಿ.

ಸೂಜಿಮೊನೆ

ಒಂದೇ ಮನೆ ಹುಡುಕಬೇಡಿ. 163 ಗೊಂಬೆ ಒಟ್ಟಿಗೆ ಬಂದರೆ ಯಾರಿಗಾದರೂ ಹೊರೆಯೇ. ಅವರಿಗೆ ಬಿಚ್ಚಿ ನೋಡಲು, ಒಗೆಯಲು ಜನ ಇರುವುದಿಲ್ಲ. ನಿಮ್ಮ ಚೀಲ ಹಿಂಬದಿಗೆ ಬಿದ್ದಿದ್ದು ಅದಕ್ಕೇ ಇರಬೇಕು. ಐದು, ಹತ್ತು, ಹನ್ನೆರಡು, ಹೀಗೆ ಬಿಡಿಬಿಡಿಯಾಗಿ ಕೊಡಿ. ಹೋಗುವ ಮುಂಚೆ ಫೋನ್ ಮಾಡಿ, "ನಿಮಗೆ ಎಂಥದ್ದು ಬೇಕು, ಎಷ್ಟು ಬೇಕು" ಅಂತ ಕೇಳಿ.

ನಾನು ಇಪ್ಪತ್ತು ವರ್ಷದಿಂದ ಗೊಂಬೆ ರಿಪೇರಿ ಮಾಡುತ್ತಿದ್ದೇನೆ. ನನ್ನ ಕ್ರಮ ಹೇಳುತ್ತೇನೆ.

ಮೊದಲು ಒಂದೊಂದನ್ನೂ ಕೈಯಲ್ಲಿ ಹಿಡಿದು ಹಿಸುಕಿ ನೋಡಿ. ಗಟ್ಟಿ ಡಬ್ಬಿ ಸಿಕ್ಕಿದರೆ ಒಳಗೆ ಬ್ಯಾಟರಿ ಇದೆ. ಹೊಲಿಗೆ ಬಿಚ್ಚಿ ತೆಗೆಯಿರಿ. ಗುಂಡಿ ಬ್ಯಾಟರಿ ಇದ್ದರೆ ಜಾಸ್ತಿ ಎಚ್ಚರ. ಮಗು ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಟ್ಟುಹೋಗಬಹುದು. ಕಾಳಿನ ಹಾಗೆ ಜರ ಜರ ಅಂದರೆ ಪ್ಲಾಸ್ಟಿಕ್ ಕಾಳು ತುಂಬಿದ್ದಾರೆ ಅಂತ ಅರ್ಥ. ಅವಕ್ಕೆ ಬಿಸಿ ಗಾಳಿಯ ಡ್ರೈಯರ್ ಬೇಡ, ಕಾಳು ಕರಗಬಹುದು.

ಆಮೇಲೆ ಕಣ್ಣು, ಮೂಗು. ಉಗುರು ಹಾಕಿ ಎಳೆಯಿರಿ. ಅಲ್ಲಾಡಿದರೆ ಕಿತ್ತು, ದಾರದಲ್ಲಿ ಕಣ್ಣು ಹೊಲಿಯಿರಿ. ಮೂರು ವರ್ಷದೊಳಗಿನ ಮಕ್ಕಳ ಆಟಿಕೆ ಪರೀಕ್ಷೆ ಮಾಡಲು 31.7 ಮಿಲಿಮೀಟರ್ ಅಗಲದ ಒಂದು ಸಣ್ಣ ಕೊಳವೆ ಇರುತ್ತದೆ. ಕಳಚಿದ ಭಾಗ ಅದರೊಳಗೆ ಪೂರ್ತಿ ಇಳಿದರೆ ಆ ವಯಸ್ಸಿನ ಮಗುವಿಗೆ ಅದು ಗಂಟಲಿಗೆ ಸಿಕ್ಕಿಕೊಳ್ಳುವ ವಸ್ತು. ಗೊಂಬೆಯ ಕಣ್ಣು ಸಾಮಾನ್ಯವಾಗಿ ಅದರೊಳಗೆ ಇಳಿಯುತ್ತದೆ.

ಇನ್ನು ಒಗೆಯುವುದು. ಹಳೆಯ ದಿಂಬಿನ ಕವರಿನಲ್ಲಿ ಹಾಕಿ, ಬಾಯಿ ಕಟ್ಟಿ, ಮೆಷಿನ್ನಿನ ಮೃದು ಸುತ್ತಿಗೆ ಬಿಡಿ. ಧೂಳುಹುಳ ಸಾಯಬೇಕಾದರೆ ನೀರು 60 ಡಿಗ್ರಿ ಬೇಕು. ಅಷ್ಟು ಬಿಸಿ ತಡೆಯದ ಗೊಂಬೆಯಾದರೆ ಕವರಿನಲ್ಲಿ ಕಟ್ಟಿ, ಫ್ರೀಜರ್‌ನಲ್ಲಿ ಮೈನಸ್ 18ರಲ್ಲಿ ಎರಡು ದಿನ ಇಟ್ಟು, ಆಮೇಲೆ ತಣ್ಣೀರಿನಲ್ಲಿ ಒಗೆಯಿರಿ. ಫ್ರೀಜರ್ ಹುಳವನ್ನು ಕೊಲ್ಲುತ್ತದೆ ಅಷ್ಟೇ. ಉಬ್ಬಸ ತರುವ ಅದರ ಹಿಕ್ಕೆ, ಹೊಟ್ಟು ಒಳಗೇ ಇರುತ್ತದೆ. ಅದು ಹೋಗುವುದು ನೀರಿನಿಂದ. ತಿಗಣೆ ಅನುಮಾನ ಇದ್ದರೆ ಎರಡು ದಿನ ಸಾಲದು, ನಾಲ್ಕು ದಿನ ಇಡಿ.

ಒಣಗಿಸುವುದೇ ದೊಡ್ಡ ಕೆಲಸ. ಮೇಲೆ ಒಣಗಿದ ಹಾಗೆ ಕಾಣುತ್ತದೆ, ಹೊಟ್ಟೆ ತೇವ ಇರುತ್ತದೆ. ಒಳಗೆ ಬೂಸ್ಟು ಹಿಡಿದರೆ ಆ ವಾಸನೆ ಮತ್ತೆ ಹೋಗುವುದಿಲ್ಲ. ಅರ್ಧ ದಿನಕ್ಕೊಮ್ಮೆ ತಿರುಗಿಸಿ, ಹತ್ತಿಯನ್ನು ಬೆರಳಲ್ಲಿ ಬಿಡಿಸುತ್ತಾ ಇರಿ.

ಗಡಿಬಿಡಿ

ಇಷ್ಟೆಲ್ಲ ಯಾಕೆ? ಗೇಟಿನ ಹೊರಗೆ ಒಂದು ಡಬ್ಬಿಯಲ್ಲಿ ಇಟ್ಟು "ಬೇಕಾದವರು ತಗೊಳ್ಳಿ" ಅಂತ ಬರೆದು ಅಂಟಿಸಿ. ಇಲ್ಲದ ಮಕ್ಕಳಿಗೆ ಹಾಗೇ ಕೊಟ್ಟರೂ ಖುಷಿಯಿಂದ ತಗೊಳ್ಳುತ್ತಾರೆ.

ಟೀಚರಮ್ಮ

ಇಲ್ಲದ ಮಕ್ಕಳಿಗೆ ಹೇಗಿದ್ದರೂ ನಡೆಯುತ್ತದೆ ಅನ್ನುವ ಮಾತು ನನಗೆ ಒಪ್ಪಿಗೆ ಇಲ್ಲ. ನನ್ನ ತರಗತಿಗೆ ಒಮ್ಮೆ ದಾನ ಅಂತ ಒಂದು ರಾಶಿ ಬಂತು. ಒಂದು ಕಣ್ಣಿಲ್ಲದ ಕರಡಿ, ಅಂಟು ಅಂಟು ನಾಯಿ. ಒಬ್ಬ ಹುಡುಗ ತಗೊಂಡು, ಮೂಸಿ, ಮೆಲ್ಲಗೆ ವಾಪಸ್ ಇಟ್ಟ. ಏನೂ ಹೇಳಲಿಲ್ಲ. ಆರು ವರ್ಷದ ಮಗುವಿಗೂ ಗೊತ್ತಾಗುತ್ತದೆ, ಇದು ಯಾರಿಗೋ ಬೇಡವಾಗಿ ನನ್ನ ಹತ್ತಿರ ಬಂದದ್ದು ಅಂತ. ನಮ್ಮ ಸ್ವಂತ ಮಗುವಿನ ಹಾಸಿಗೆ ಮೇಲೆ ಇಡಲು ಮನಸ್ಸು ಬರದ ಗೊಂಬೆಯನ್ನು ಬೇರೆ ಮಗುವಿಗೂ ಕೊಡಬಾರದು.

ಗೇಟಿನ ಹೊರಗೆ ಇಟ್ಟರೆ ಒಂದು ಮಳೆ ಸಾಕು, ಎಲ್ಲ ಹಾಳು.

ಹಳೇಪೆಟ್ಟಿಗೆ ಅವರೇ, ಶಾಲೆಗೆ ಕೊಡುವುದಾದರೆ ಟೀಚರನ್ನೇ ಕೇಳಿ. ನನಗೆ ಕಥೆ ಹೇಳಲು ಪ್ರಾಣಿ ಗೊಂಬೆ ಬೇಕೇ ಬೇಕು. ಗಟ್ಟಿಯಾಗಿ ಓದಲು ನಾಚುವ ಮಗು ಆನೆಗೆ ಓದಿ ಹೇಳು ಅಂದರೆ ಓದುತ್ತದೆ. ದಿನಾ ನೋಡುತ್ತೇನೆ.

ಇನ್ನೊಂದು. ಗೊಂಬೆಯನ್ನು ಮಗುವಿನ ಕೈಗೆ ತುರುಕಬೇಡಿ. ಹತ್ತು ಸಾಲಾಗಿ ಕೂರಿಸಿ, ಆರಿಸಲು ಬಿಡಿ. ಬ್ರಿಟನ್ನಿನ ಮಕ್ಕಳ ವೈದ್ಯ, ಮನೋವಿಶ್ಲೇಷಕ ಡೊನಾಲ್ಡ್ ವಿನ್ನಿಕಾಟ್ 1953ರಲ್ಲೇ ಇದರ ಬಗ್ಗೆ ಬರೆದರು. ಮಗು ಸದಾ ಅಪ್ಪಿಕೊಂಡಿರುವ ಗೊಂಬೆ ಅಥವಾ ಬಟ್ಟೆ ತಾಯಿ ಪಕ್ಕದಲ್ಲಿ ಇಲ್ಲದಾಗ ಧೈರ್ಯ ಕೊಡುತ್ತದೆ, ಅದನ್ನು ಒಗೆದು ವಾಸನೆ ಬದಲಿಸಿದರೂ ಮಗುವಿಗೆ ಆ ನಂಟು ಕಡಿದ ಹಾಗೆ ಆಗಬಹುದು ಅಂತ. ಅಂದರೆ ಒಬ್ಬರ ಪ್ರೀತಿಯ ಗೊಂಬೆ ಇನ್ನೊಬ್ಬರಿಗೆ ಅದೇ ಪ್ರೀತಿಯ ಜೊತೆ ಹೋಗುವುದಿಲ್ಲ. ಆ ಮಗು ತಾನೇ ಶುರುವಿನಿಂದ ಕಟ್ಟಬೇಕು. ಆರಿಸುವುದೇ ಅದರ ಶುರು. ನಿಮ್ಮ ಚಿಕ್ಕಮ್ಮ ಮಾಡುತ್ತಿದ್ದದ್ದೂ ಅದನ್ನೇ ಅಲ್ವಾ?

ಒಂದು ವರ್ಷದೊಳಗಿನ ಕೂಸು ಇರುವ ಮನೆಗೆ ಕೊಟ್ಟರೆ ಒಂದು ಮಾತು ಹೇಳಿ ಕೊಡಿ. ಮಲಗುವ ಜಾಗದಲ್ಲಿ ಮೆತ್ತನೆ ಗೊಂಬೆ ಇಡಬಾರದು. ಮುಖಕ್ಕೆ ಒತ್ತಿಕೊಂಡು ಉಸಿರು ಕಟ್ಟುವ ಅಪಾಯ ಇದೆ.

ಗಡಿಬಿಡಿ

ಸರಿ ಟೀಚರ್, ನಾನು ಯೋಚಿಸದೆ ಬರೆದೆ. ಆ ಹುಡುಗ ಮೂಸಿ ಇಟ್ಟಿದ್ದು ಮನಸ್ಸಿಗೆ ತಾಗಿತು. ಹಳೇಪೆಟ್ಟಿಗೆ ಅವರೇ, ಸಾಗಿಸಲು ಗಾಡಿ ಬೇಕಿದ್ದರೆ ಹೇಳಿ, ಭಾನುವಾರ ನಾನು ಬರುತ್ತೇನೆ.

ಹಳೇಪೆಟ್ಟಿಗೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಟೀಚರಮ್ಮ ಅವರೇ, ನಿಮ್ಮ ಕೊನೆಯ ಮಾತು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಗಡಿಬಿಡಿ ಅವರೇ, ಭಾನುವಾರ ಖಂಡಿತ ಬನ್ನಿ.

ನಿನ್ನೆ ಅರವತ್ತು ಹಿಸುಕಿ ನೋಡಿದೆ. ಎರಡು ಪ್ರಶ್ನೆ.

ಒಂದು ಮೊಲ ಇದೆ. ಬೂದು ಬಣ್ಣ. ಎಡಗಿವಿ ಹರಿದಿದ್ದನ್ನು ಚಿಕ್ಕಮ್ಮ ಕೆಂಪು ದಾರದಲ್ಲಿ ದಪ್ಪಗೆ ಹೊಲಿದಿದ್ದಾರೆ. ಆ ಹೊತ್ತಿಗೆ ಕೈಗೆ ಸಿಕ್ಕಿದ ದಾರ ಅದೇ ಇರಬೇಕು. ಯಾರಿಗಾದರೂ ಕೊಡುವುದಾದರೆ ಬಿಚ್ಚಿ ಬೂದು ದಾರದಲ್ಲಿ ಹೊಲಿಯಬೇಕಾ?

ಇನ್ನೊಂದು ಕರಡಿ. ತುಂಬಾ ಹಳೆಯದು, ಚಿಕ್ಕಮ್ಮನಿಗೂ ಯಾರೋ ಕೊಟ್ಟದ್ದು. ಬೆನ್ನು ಗೂನು. ಕೈಕಾಲು ತಿರುಗುತ್ತವೆ. ಒತ್ತಿದರೆ ಒಣಹುಲ್ಲಿನ ಹಾಗೆ ಚರಚರ ಅನ್ನುತ್ತದೆ. ಕಣ್ಣು ತಣ್ಣಗೆ, ಗಾಜಿನ ಹಾಗಿದೆ. ಮೆಷಿನ್ನಿಗೆ ಹಾಕಲಾ?

ಹಳೆವಸ್ತುಪ್ರಿಯ

ಹಾಕಬೇಡಿ! ದಯವಿಟ್ಟು ನೀರು ಸೋಕಿಸಬೇಡಿ.

ಚರಚರ ಅನ್ನುವುದು ಮರದ ಸಣ್ಣ ಎಳೆ. ಮರದುಣ್ಣೆ ಅಂತ ಕರೆಯುತ್ತಾರೆ. ಹಳೆಯ ಕರಡಿಗಳಿಗೆ ಅದನ್ನೇ ತುಂಬುತ್ತಿದ್ದರು. ನೀರು ಕುಡಿದರೆ ಕೊಳೆತುಹೋಗುತ್ತದೆ. ಮೇಲಿನ ಕೂದಲು ಮೊಹೇರ್ ಇರಬಹುದು, ಆಡಿನ ಉಣ್ಣೆ. ಅದಕ್ಕೆ ನುಸಿ ಹಿಡಿಯುತ್ತದೆ. ಒಣಗಿದ ಮೆತ್ತನೆ ಬ್ರಷ್‌ನಲ್ಲಿ ಧೂಳು ತೆಗೆದು, ಹತ್ತಿ ಬಟ್ಟೆಯಲ್ಲಿ ಸುತ್ತಿಡಿ.

ಈಗ ಎಡಗಿವಿ ನೋಡಿ. ಲೋಹದ ಸಣ್ಣ ಗುಂಡಿ ಇದೆಯಾ? ಜರ್ಮನಿಯ ಸ್ಟೈಫ್ ಕಂಪನಿ 1904ರಿಂದ ತನ್ನ ಗೊಂಬೆಗಳ ಕಿವಿಗೆ ಗುಂಡಿ ಹಾಕುತ್ತಾ ಬಂದಿದೆ. ಮಾರ್ಗರೆಟ್ ಸ್ಟೈಫ್ 1880ರಲ್ಲಿ ಶುರು ಮಾಡಿದ ಕಂಪನಿ. ಮೊದಲು ಹೆಸರು ಮಾಡಿದ್ದು ಸೂಜಿ ಚುಚ್ಚಿಡುವ ಆನೆ ಗೊಂಬೆಯಿಂದ. ಅವರ ತಮ್ಮನ ಮಗ ರಿಚರ್ಡ್ 1902ರಲ್ಲಿ ಕೈಕಾಲು ತಿರುಗುವ ಕರಡಿ ಮಾಡಿದರು. ಅದೇ ವರ್ಷ ಅಮೆರಿಕದ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಬೇಟೆಯಲ್ಲಿ ಕಟ್ಟಿಹಾಕಿದ್ದ ಕರಡಿಗೆ ಗುಂಡು ಹೊಡೆಯಲು ಒಪ್ಪಲಿಲ್ಲ. ಪತ್ರಿಕೆಯಲ್ಲಿ ಅದರ ವ್ಯಂಗ್ಯಚಿತ್ರ ಬಂತು. ಬ್ರೂಕ್ಲಿನ್‌ನ ಅಂಗಡಿಯವರೊಬ್ಬರು, ಮಾರಿಸ್ ಮಿಚ್ಟಮ್, ಅದನ್ನು ನೋಡಿ ಗೊಂಬೆ ಮಾಡಿ ಟೆಡ್ಡಿ ಅಂತ ಹೆಸರಿಟ್ಟರು. ಟೆಡ್ಡಿ ರೂಸ್‌ವೆಲ್ಟ್ ಅವರ ಅಡ್ಡಹೆಸರು.

ಗುಂಡಿ ಇಲ್ಲದಿದ್ದರೂ ಬೇಜಾರಿಲ್ಲ, ಹಳೆಯದೇ. ಅಂಗಾಲಿನ ಹೊಲಿಗೆಯಲ್ಲಿ ಬಟ್ಟೆಯ ಚೀಟಿ ಇದೆಯಾ ನೋಡಿ. ಈ ಕರಡಿ ಮಗುವಿನ ಕೈಗೆ ಬೇಡ. ಗಾಜಿನ ಕಣ್ಣು ತಂತಿಯಲ್ಲಿ ಕೂತಿರುತ್ತದೆ. ಕೂಡಿಡುವವರಿಗೆ ಅಥವಾ ಆಟಿಕೆ ಮ್ಯೂಸಿಯಂಗೆ ತೋರಿಸಿ.

ಇನ್ನು ಹೃದಯದ ಆಕಾರದ ಚೀಟಿ ಇರುವ ಪುಟ್ಟ ಕಾಳು ತುಂಬಿದ ಪ್ರಾಣಿಗಳು ಸಿಕ್ಕರೆ ಅವು ಬೀನಿ ಬೇಬಿ. 1993ರಲ್ಲಿ ಬಂದವು. ಆ ದಶಕದ ಕೊನೆಗೆ ಜನ ಅವುಗಳ ಮೇಲೆ ಹಣ ಹೂಡಿದರು, ಬೆಲೆ ಬಿದ್ದುಹೋಯಿತು. ಲಕ್ಷ ಲಕ್ಷ ಬಾಳುತ್ತವೆ ಅಂತ ಯಾರಾದರೂ ಹೇಳಿದರೆ ನಂಬಿ ಕಾಯುತ್ತಾ ಕೂರಬೇಡಿ. ಹೆಚ್ಚಿನವು ಬರೀ ಒಳ್ಳೆ ಗೊಂಬೆಗಳು.

ಸೂಜಿಮೊನೆ

ಮೊಲದ ಕಿವಿ ಬಿಚ್ಚಬೇಡಿ. ಹೊಲಿಗೆ ಗಟ್ಟಿ ಇದೆಯಾ ಅಂತ ಮಾತ್ರ ಎಳೆದು ನೋಡಿ. ಗಟ್ಟಿ ಇದ್ದರೆ ಅದು ಒಳ್ಳೆ ಹೊಲಿಗೆ, ಬಣ್ಣ ಯಾವುದಾದರೇನು.

ನಾಯಿಮನೆ

ನಾವು ಬೀದಿನಾಯಿಗಳ ಆಶ್ರಯ ನಡೆಸುತ್ತೇವೆ. ನಮಗೆ ಬೇಕು! ಸ್ವಲ್ಪ ಹರಿದಿದ್ದರೂ ಪರವಾಗಿಲ್ಲ, ಬಣ್ಣ ಮಾಸಿದ್ದರೂ ಆದೀತು. ಆದರೆ ಕಣ್ಣು, ಮೂಗು, ಗುಂಡಿ, ರಿಬ್ಬನ್, ಒಳಗಿನ ಪೀಪಿ ಎಲ್ಲ ಕಿತ್ತಿರಬೇಕು. ಕಾಳು ತುಂಬಿದ್ದು ಬೇಡವೇ ಬೇಡ. ನಾಯಿ ಹರಿದು ನುಂಗುತ್ತದೆ, ಕರುಳಿಗೆ ಸಿಕ್ಕಿಕೊಂಡರೆ ಆಪರೇಷನ್ನೇ.

ತಾಯಿ ಇಲ್ಲದ ಮರಿಗಳಿಗೆ ದೊಡ್ಡ ಗೊಂಬೆ ಹಾಕುತ್ತೇವೆ. ರಾತ್ರಿ ಅದರ ಹೊಟ್ಟೆ ಕೆಳಗೆ ನುಗ್ಗಿ ಮಲಗುತ್ತವೆ. ಹ್ಯಾರಿ ಹಾರ್ಲೋ ಅನ್ನುವ ವಿಜ್ಞಾನಿ 1958ರಲ್ಲಿ ಕೋತಿಮರಿಗಳ ಬಗ್ಗೆ ಬರೆದದ್ದು ಕೇಳಿರಬಹುದು. ಒಂದು ತಂತಿಯ ತಾಯಿ, ಒಂದು ಬಟ್ಟೆ ಸುತ್ತಿದ ತಾಯಿ. ಹಾಲಿನ ಬಾಟಲಿ ತಂತಿಯ ತಾಯಿಯ ಹತ್ತಿರ ಇದ್ದರೂ ಮರಿಗಳು ದಿನದ ಬಹುಪಾಲು ಬಟ್ಟೆಯ ತಾಯಿಯನ್ನೇ ತಬ್ಬಿಕೊಂಡಿದ್ದವು. ಆ ಪ್ರಯೋಗ ಕ್ರೂರ, ಆ ಮರಿಗಳನ್ನು ನೆನೆದರೆ ಸಂಕಟ ಆಗುತ್ತದೆ. ಆದರೆ ನಮ್ಮ ಮರಿಗಳು ಗೊಂಬೆಯ ಕೆಳಗೆ ಮಲಗುವಾಗ ಆ ಮಾತು ನಿಜ ಅನ್ನಿಸುತ್ತದೆ.

ಸಂಜೆಗಾಳಿ

ನಾನು ಮರೆವಿನ ಕಾಯಿಲೆ ಇರುವ ಹಿರಿಯರ ಮನೆಯಲ್ಲಿ ಕೆಲಸ ಮಾಡುತ್ತೇನೆ. ನಮ್ಮಲ್ಲಿ ಕೆಲವರಿಗೆ ಮೆತ್ತನೆ ಗೊಂಬೆಯಿಂದ ತುಂಬಾ ಸಮಾಧಾನ. ಸಂಜೆ ಆಗುತ್ತಿದ್ದ ಹಾಗೆ ಕೆಲವರು ತಳಮಳ ಪಡುತ್ತಾರೆ, ಮನೆಗೆ ಹೋಗಬೇಕು ಅಂತ ಎದ್ದು ಎದ್ದು ಬಾಗಿಲಿಗೆ ಹೋಗುತ್ತಾರೆ. ತೊಡೆಯ ಮೇಲೆ ಸ್ವಲ್ಪ ಭಾರದ ಒಂದು ಬೆಕ್ಕೋ ಮೊಲವೋ ಇದ್ದರೆ ಕೈಗೆ ಕೆಲಸ ಸಿಗುತ್ತದೆ.

ಎಲ್ಲರಿಗೂ ಆಗುವುದಿಲ್ಲ. ಒಬ್ಬರ ಮಗ ಬಂದು "ನಮ್ಮ ಅಪ್ಪನನ್ನು ಮಗು ಮಾಡಿಬಿಟ್ರಾ" ಅಂತ ಕಣ್ಣೀರು ಹಾಕಿದರು. ಅವರ ನೋವು ನಿಜ. ಅದಕ್ಕೇ ನಾವು ಮೊದಲು ಮನೆಯವರನ್ನು ಕೇಳುತ್ತೇವೆ. ಗೊಂಬೆಯನ್ನು ಪಕ್ಕದ ಕುರ್ಚಿಯಲ್ಲಿ ಇಡುತ್ತೇವೆ ಅಷ್ಟೇ. ಬೇಕಿದ್ದವರು ಎತ್ತಿಕೊಳ್ಳುತ್ತಾರೆ.

ಉದ್ದ ಕೂದಲು ಬೇಡ, ಬೆರಳಿಗೆ ಸಿಕ್ಕಿಕೊಳ್ಳುತ್ತದೆ. ಕೆಲವರು ಬಾಯಿಗೆ ಹಾಕುತ್ತಾರೆ, ಹಾಗಾಗಿ ಗುಂಡಿ ಕಣ್ಣೂ ಬೇಡ. ಮೆಷಿನ್ನಿನಲ್ಲಿ ಒಗೆಯುವ ಹಾಗಿರಬೇಕು. ಎಂಟೋ ಹತ್ತೋ ಇದ್ದರೆ ಸಾಕು. ಆ ಮೊಲ ಕೊಡುವ ಮನಸ್ಸಿದ್ದರೆ ಅದನ್ನೂ ಸೇರಿಸಿ.

ಸೂಜಿಮೊನೆ

ಯಾರಿಗೂ ಆಗದಷ್ಟು ಹಾಳಾದವು ಉಳಿದೇ ಉಳಿಯುತ್ತವೆ. ಹೊಟ್ಟೆ ಕತ್ತರಿಸಿ, ಒಳಗಿನ ಪಾಲಿಯೆಸ್ಟರ್ ತೆಗೆದು ಒಗೆದು ದಿಂಬಿಗೆ, ಕೂರುವ ಮೆತ್ತೆಗೆ ತುಂಬಿಸಿ. ಮಣ್ಣಿಗೆ ಹೋದರೆ ಅದು ಕೊಳೆಯುವುದಿಲ್ಲ, ಪ್ಲಾಸ್ಟಿಕ್ಕೇ ತಾನೆ. ಬಟ್ಟೆ, ಪ್ಲಾಸ್ಟಿಕ್, ಲೋಹ ಎಲ್ಲ ಹೊಲಿಗೆಯಲ್ಲಿ ಕೂಡಿಕೊಂಡಿರುವುದರಿಂದ ಇಡೀ ಗೊಂಬೆಯನ್ನು ಮರುಬಳಕೆಯವರು ತಗೊಳ್ಳುವುದು ಕಡಿಮೆ. ಬಿಡಿಸಿ ಕೊಟ್ಟರೆ ಹಳೆಬಟ್ಟೆಯವರು ತಗೊಂಡಾರು. ಕತ್ತರಿ ಹಾಕುವ ಮುಂಚೆ ಫೋಟೋ ತೆಗೆದಿಡಿ. ಆಮೇಲೆ ಬೇಕು ಅನ್ನಿಸುತ್ತದೆ.

ಹಳೇಪೆಟ್ಟಿಗೆ

ಮೂರು ವಾರ ಆಯಿತು. ಏನಾಯಿತು ಅಂತ ಬರೆಯಲೇಬೇಕು.

ಮೊದಲು ನಮ್ಮವರಿಗೇ ಫೋನ್ ಮಾಡಿದೆ. ದೊಡ್ಡಪ್ಪನ ಮಗ, ಈಗ ಅವನಿಗೆ ನಲವತ್ತು ದಾಟಿದೆ, "ಆ ಹಸಿರು ಆಮೆ ಇದೆಯೇನೇ?" ಅಂತ ಕೇಳಿದ. ಇದೆ ಅಂದೆ. ಸ್ವಲ್ಪ ಹೊತ್ತು ಮಾತೇ ಇಲ್ಲ. ಮರುದಿನ ಬಂದು ತಗೊಂಡು ಹೋದ. ಹೀಗೆ ಹದಿನಾಲ್ಕು ಮನೆಯೊಳಗೇ ಹೋದವು.

ಭಾನುವಾರ ಗಡಿಬಿಡಿ ಅವರ ಗಾಡಿಯಲ್ಲಿ ನಾಯಿಮನೆಗೆ 38 ಒಯ್ದೆವು. ಹಿಂದಿನ ರಾತ್ರಿ ನಾನು, ತಂಗಿ ಕೂತು ಎಪ್ಪತ್ತಾರು ಕಣ್ಣು ಕಿತ್ತೆವು. ಮೊದಲನೆಯದಕ್ಕೆ ಕತ್ತರಿ ಹಾಕುವಾಗ ಕೈ ನಡುಗಿತು. ಒಂದು ಬಟ್ಟಲು ತುಂಬ ಕಣ್ಣು. ಹಾವು ಅಲ್ಲಿ ಈಗ ಆರು ಮರಿಗಳಿಗೆ ಒಂದೇ ದಿಂಬು.

ಟೀಚರಮ್ಮ ಹೇಳಿದ ಹಾಗೆ ಎರಡು ಶಾಲೆಗೆ ಮೊದಲೇ ಕೇಳಿ, ಬೇಕೆಂದಷ್ಟೇ ಕೊಟ್ಟೆ. ಮನೆ ಬಿಟ್ಟು ಬಂದ ತಾಯಿ ಮಕ್ಕಳಿಗೆ ಆಸರೆ ಕೊಡುವ ಒಂದು ಕೇಂದ್ರದಲ್ಲಿ ಒಂದು ಕಪಾಟು ಖಾಲಿ ಮಾಡಿಕೊಟ್ಟರು. ಬರುವ ಮಗು ತಾನೇ ಬಾಗಿಲು ತೆಗೆದು ಆರಿಸಿಕೊಳ್ಳುತ್ತದೆ. ಬೆಳಿಗ್ಗೆ ವಾಪಸ್ ಇಡಬೇಕಿಲ್ಲ.

ಗೂನು ಕರಡಿಯ ಕಿವಿಯಲ್ಲಿ ಗುಂಡಿ ಇರಲಿಲ್ಲ. ಅದು ನನ್ನ ಹತ್ತಿರವೇ ಇದೆ, ಬಟ್ಟೆಯಲ್ಲಿ ಸುತ್ತಿ. ಹಾಳಾದವು 21. ಅವುಗಳಿಂದ ನಾಲ್ಕು ಮೆತ್ತೆ ಆದವು. ಮಳೆಯಲ್ಲಿ ನೆನೆದ ಚೀಲದಲ್ಲಿದ್ದ ಗೊಂಬೆಗಳೇ ಅವುಗಳಲ್ಲಿ ಜಾಸ್ತಿ.

ಇನ್ನೂ ಹತ್ತು ಉಳಿದಿವೆ. ಚೀಟಿ ಸಮೇತ ಹಾಗೇ ಇರುವವು. ರಾತ್ರಿಪಾಳಿ ಅವರೇ, ನಿಮ್ಮ ವಾರ್ಡಿಗೆ ಆಗುತ್ತವಾ?

ರಾತ್ರಿಪಾಳಿ

ಆಗುತ್ತವೆ. ಫೋಟೋ ಕಳಿಸಿ, ನಮ್ಮ ಮೇಡಂ ಒಪ್ಪಿದ ಮೇಲೆ ತನ್ನಿ. ಬಿಚ್ಚದ ಕವರಿನಲ್ಲೇ ಇರಲಿ.

ಸಂಜೆಗಾಳಿ

ಹಳೇಪೆಟ್ಟಿಗೆ ಅವರು ಬರೆಯದೆ ಬಿಟ್ಟಿದ್ದನ್ನು ನಾನು ಬರೆಯುತ್ತೇನೆ. ಕಳೆದ ವಾರ ಅವರು ನಮಗೆ ಒಂಬತ್ತು ಗೊಂಬೆ ತಂದುಕೊಟ್ಟರು, ಮೊಲವೂ ಇತ್ತು. ಕುರ್ಚಿಯ ಮೇಲೆ ಇಟ್ಟೆ. ನಮ್ಮ ಒಬ್ಬ ಅಜ್ಜಿ ಎರಡು ದಿನ ನೋಡುತ್ತಾ ಇದ್ದರು. ಮೂರನೇ ದಿನ ಎತ್ತಿಕೊಂಡರು. ಮುಖ ನೋಡಲಿಲ್ಲ, ಕಣ್ಣು ನೋಡಲಿಲ್ಲ. ನೇರ ಕಿವಿಗೇ ಕೈ ಹೋಯಿತು. ಹೆಬ್ಬೆರಳಿನಲ್ಲಿ ಆ ಕೆಂಪು ಹೊಲಿಗೆಯನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಸವರುತ್ತಾರೆ, ಮತ್ತೆ ವಾಪಸ್. ಅರ್ಧ ಗಂಟೆ, ಮುಕ್ಕಾಲು ಗಂಟೆ. ನಿನ್ನೆ "ಯಾರು ಹೊಲಿದದ್ದು?" ಅಂತ ಕೇಳಿದರು. ಈಚೆಗೆ ಅವರು ತಾವಾಗಿ ಕೇಳಿದ ಮೊದಲ ಪ್ರಶ್ನೆ ಅದು.

ಹಳೇಪೆಟ್ಟಿಗೆ

ನಮ್ಮ ಚಿಕ್ಕಮ್ಮ ಅಂತ ಹೇಳಿ.

ಸೂಜಿಮೊನೆ

ದಿನಾ ಅಷ್ಟು ಹೊತ್ತು ಸವರಿದರೆ ದಾರ ಸವೆಯುತ್ತದೆ. ಒಳಬದಿಯಿಂದ ಎರಡು ಸಾಲು ಸಣ್ಣ ಹೊಲಿಗೆ ಹಾಕಿಸಿ, ಮೇಲಿನ ಕೆಂಪು ದಾರ ಮುಟ್ಟಬೇಡಿ. ನಿಮ್ಮಲ್ಲಿ ಹೊಲಿಯುವವರು ಇಲ್ಲದಿದ್ದರೆ ನಾನೇ ಬಂದು ಹಾಕಿಕೊಡುತ್ತೇನೆ. ಅಜ್ಜಿ ಮಲಗಿರುವ ಹೊತ್ತು ಯಾವುದು ಅಂತ ತಿಳಿಸಿ, ಎದ್ದೇಳುವ ಮುಂಚೆ ವಾಪಸ್ ಇಟ್ಟುಬಿಡೋಣ.